ಅಸೈನ್‌ಮೆಂಟೆಲ್ಲ ಚಾಟ್‌ಜಿಪಿಟಿದೇ, ಸೊನ್ನೆ ಹಾಕಲಾ ಸಾರ್?

ಪ್ರಶ್ನೆ: ಸಾರ್, ನಾನು ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬಿಎ ಮಕ್ಕಳಿಗೆ ಅರ್ಥಶಾಸ್ತ್ರ ಹೇಳುತ್ತೇನೆ. ಕ್ಲಾಸಿನಲ್ಲಿ 62 ಜನ. ಈ ಸೆಮಿಸ್ಟರ್ 10 ಅಂಕಕ್ಕೆ ಅಸೈನ್‌ಮೆಂಟ್ ಕೊಟ್ಟಿದ್ದೆ, ವಿಷಯ ‘ಭಾರತದ ಕೃಷಿ ಬೆಲೆ ನೀತಿ’. ಬಂದಿದ್ದರಲ್ಲಿ ಮುಕ್ಕಾಲು ಪಾಲು ಒಂದೇ ತರ ಇವೆ. ಕೈಯಲ್ಲೇ ಬರೆಯಬೇಕು ಅಂತ ಹೇಳಿದ್ದರೂ ಅಷ್ಟೇ. ಒಬ್ಬ ಹುಡುಗ ಮೊದಲ ಸಾಲಿನಲ್ಲೇ ‘ಖಂಡಿತ, ನೀವು ಕೇಳಿದ ಪ್ರಬಂಧ ಇಲ್ಲಿದೆ’ ಅಂತ ನೀಲಿ ಪೆನ್ನಿನಲ್ಲಿ ಮುದ್ದಾಗಿ ಬರೆದು, ಅಡಿಗೆರೆ ಬೇರೆ ಎಳೆದಿದ್ದಾನೆ. ಸಹೋದ್ಯೋಗಿ ಹೇಳಿದರು ಅಂತ ಕೆಲವನ್ನು ಟೈಪ್ ಮಾಡಿ ಎಐ ಡಿಟೆಕ್ಟರ್‌ಗೆ ಹಾಕಿದೆ. ಇಂಗ್ಲಿಷಿನಲ್ಲಿ ಬರೆದಿದ್ದ ಒಬ್ಬಳದ್ದಕ್ಕೆ 78% ಎಐ ಅಂತ ಬಂತು. ಆಕೆ ಪಿಯುಸಿವರೆಗೆ ಕನ್ನಡ ಮಾಧ್ಯಮ, ಕಷ್ಟಪಟ್ಟು ಓದುವವಳು. ಕೇಳಿದ್ದಕ್ಕೆ ಅತ್ತುಬಿಟ್ಟಳು. ನಮ್ಮ ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ‘ಎಲ್ಲರಿಗೂ ಸೊನ್ನೆ ಹಾಕಿ, ಬುದ್ಧಿ ಬರಲಿ’ ಅನ್ನುತ್ತಾರೆ. ಪ್ರಾಂಶುಪಾಲರು ‘ಸ್ಮಾರ್ಟ್ ಬೋರ್ಡ್ ಬಳಸಿ, ಮಕ್ಕಳು ತಾನೇ ಗಮನ ಕೊಡುತ್ತಾರೆ’ ಅನ್ನುತ್ತಾರೆ. ಮಕ್ಕಳೋ, ಬೋರ್ಡಿನ ಫೋಟೋ ಹೊಡೆದುಕೊಂಡು ಸುಮ್ನೆ ಕೂರುತ್ತಾರೆ. ನಾನು ಏನು ಮಾಡಲಿ? ಇನ್ನೈದು ವರ್ಷಕ್ಕೆ ನಮ್ಮಂಥವರು ಬೇಕಾಗುತ್ತೇವಾ?

ಉತ್ತರ: ಮೇಡಂ, ಮೊದಲು ಒಂದು ಮಾತು. ಆ 78% ನಂಬಿಕೊಂಡು ಆ ಹುಡುಗಿಯ ಅಂಕಕ್ಕೆ ಕೈ ಹಾಕಬೇಡಿ. ಉಳಿದಿದ್ದನ್ನು ನಿಧಾನಕ್ಕೆ ಮಾತಾಡೋಣ.

ನಿಮ್ಮ ಪತ್ರದಲ್ಲಿ ಮೂರು ಚಿಂತೆ ಸೇರಿಕೊಂಡಿವೆ. ಮಕ್ಕಳು ಮೋಸ ಮಾಡುತ್ತಿದ್ದಾರಾ ಅನ್ನುವುದು ಒಂದು. ಏನಾದರೂ ಕಲಿಯುತ್ತಿದ್ದಾರಾ ಅನ್ನುವುದು ಇನ್ನೊಂದು. ನನ್ನ ಗತಿ ಏನು ಅನ್ನುವುದು ಮೂರನೆಯದು. ಮೈಸೂರು, ಮಂಡ್ಯ ಕಡೆಯ ಕಾಲೇಜು ಮೇಷ್ಟ್ರುಗಳಿಗೆ ನಾನು ತರಬೇತಿ ಕೊಡುವಾಗ ಅವರೂ ಈ ಮೂರನ್ನೂ ಕೇಳುತ್ತಾರೆ, ಮೂರನೆಯದನ್ನು ಮಾತ್ರ ಟೀ ಬಿಡುವಿನಲ್ಲಿ, ಮೆಲ್ಲಗೆ.

ಡಿಟೆಕ್ಟರ್ ವಿಷಯ ತೆಗೆದುಕೊಳ್ಳಿ. ಅದು ಕಳ್ಳನನ್ನು ಹಿಡಿಯುವ ಯಂತ್ರ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಅಲ್ಲ. ಅದು ‘ಇಲ್ಲಿಂದ ಕದ್ದಿದ್ದು’ ಅಂತ ಮೂಲ ತೋರಿಸುವುದಿಲ್ಲ. ಒಂದು ಪದ ಆದಮೇಲೆ ಮುಂದಿನ ಪದ ಊಹಿಸುವುದು ಎಷ್ಟು ಸುಲಭ, ವಾಕ್ಯಗಳೆಲ್ಲ ಒಂದೇ ಅಳತೆಯಲ್ಲಿವೆಯಾ, ಇಂಥ ಲೆಕ್ಕ ಹಾಕಿ ಒಂದು ಅಂದಾಜು ಹೇಳುತ್ತದೆ, ಅಷ್ಟೇ. ಈಗ ಯೋಚಿಸಿ. ಹನ್ನೆರಡು ವರ್ಷ ಕನ್ನಡದಲ್ಲಿ ಓದಿ ಬಂದ ಹುಡುಗಿ, ತನಗೆ ಧೈರ್ಯವಿರುವ ನಾಲ್ಕೇ ನಾಲ್ಕು ಬಗೆಯ ವಾಕ್ಯದಲ್ಲಿ ಇಡೀ ಕೃಷಿ ನೀತಿ ಬರೆದರೆ ಆ ಇಂಗ್ಲಿಷ್ ಹೇಗಿರುತ್ತದೆ? ಸರಳ, ನೇರ, ಊಹಿಸಲು ಸುಲಭ. ಯಂತ್ರಕ್ಕೆ ಅನುಮಾನ ಬರುವುದೂ ಅಲ್ಲೇ.

ಇದು ನನ್ನ ಊಹೆ ಅಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2023ರಲ್ಲಿ ಇಂಥ ಏಳು ಡಿಟೆಕ್ಟರ್‌ಗಳಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ಅಳೆಯುವ ಟೋಫೆಲ್ ಪರೀಕ್ಷೆಯ 91 ಪ್ರಬಂಧ ಕೊಟ್ಟು ನೋಡಿದರು. ಎಲ್ಲವೂ ಮನುಷ್ಯರೇ ಬರೆದವು, ಇಂಗ್ಲಿಷ್ ಮನೆಮಾತಲ್ಲದವರು ಬರೆದವು. ಸರಾಸರಿ 61%ನಷ್ಟನ್ನು ಎಐ ಬರೆದಿದ್ದು ಅಂತ ಅವು ಹೇಳಿದವು. ಅಲ್ಲಿನ ಎಂಟನೇ ಕ್ಲಾಸಿನ ಮಕ್ಕಳ ಪ್ರಬಂಧ ಹಾಕಿದಾಗ ಹೆಚ್ಚುಕಡಿಮೆ ತಪ್ಪೇ ಇಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಒಂದು ಡಿಟೆಕ್ಟರ್ ಬಿಟ್ಟಿತ್ತು. ಎಐ ಬರೆದಿದ್ದರಲ್ಲಿ 26% ಮಾತ್ರ ಅದಕ್ಕೆ ಸಿಕ್ಕಿಬೀಳುತ್ತಿತ್ತು, ಮನುಷ್ಯರು ಬರೆದಿದ್ದರಲ್ಲಿ 9% ತಪ್ಪಾಗಿ ಸಿಕ್ಕಿಬೀಳುತ್ತಿತ್ತು. ಇದು ಕಂಪನಿ ತಾನೇ ಕೊಟ್ಟ ಲೆಕ್ಕ. ಅದೇ ವರ್ಷ ಜುಲೈನಲ್ಲಿ ಸದ್ದಿಲ್ಲದೆ ವಾಪಸ್ ತೆಗೆದುಕೊಂಡರು. ಮಾಡಿದವರಿಗೇ ಹಿಡಿಯಲು ಆಗಲಿಲ್ಲ. ಈಗಿನವು ಆಗಿನದಕ್ಕಿಂತ ಚುರುಕು ಇರಬಹುದು, ಆದರೂ ಒಂದು ಮಗುವಿನ ಮೇಲೆ ಆರೋಪ ಹೊರಿಸಲು ಅಂದಾಜು ಸಾಲದು.

ಇನ್ನೊಂದು ಗೊಂದಲ ಸ್ಟಾಫ್ ರೂಮಿನಲ್ಲಿ ಜಾಸ್ತಿ ಕೇಳುತ್ತೇನೆ: ‘ಯುಜಿಸಿ ಪ್ರಕಾರ 10%ವರೆಗೆ ಪರವಾಗಿಲ್ಲ, ಮೇಲೆ ಹೋದರೆ ತಪ್ಪು’. ಆ 10% ಬಂದಿರುವುದು ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2018ರ ಕೃತಿಚೌರ್ಯ ತಡೆ ನಿಯಮದಿಂದ. ಅದು ಬೇರೆಯವರ ಬರಹಕ್ಕೆ ಎಷ್ಟು ಹೋಲುತ್ತದೆ ಅನ್ನುವ ಲೆಕ್ಕ. ಎಐ ಡಿಟೆಕ್ಟರಿನ ಶೇಕಡಾಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಎರಡನ್ನೂ ಕಲಸಿ ನೋಟಿಸ್ ಕೊಟ್ಟರೆ ನಾಳೆ ಪೋಷಕರು ಬಂದು ಕೂತಾಗ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ.

ಆ ಹುಡುಗಿ ಏನು ಮಾಡಿರಬಹುದು? ನಾನು ಕಂಡ ಮಟ್ಟಿಗೆ ಇಂಥ ಮಕ್ಕಳು ಮೊದಲು ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ, ಗೂಗಲ್ ಟ್ರಾನ್ಸ್‌ಲೇಟ್‌ಗೆ ಹಾಕುತ್ತಾರೆ, ಆಮೇಲೆ ಚಾಟ್‌ಜಿಪಿಟಿಗೆ ‘ಗ್ರಾಮರ್ ಸರಿ ಮಾಡು’ ಅನ್ನುತ್ತಾರೆ. ಯೋಚನೆ ಅವರದ್ದು, ಭಾಷೆ ಬಾಡಿಗೆಯದ್ದು. ಇದು ಮೋಸವಾ? ಅರ್ಥಶಾಸ್ತ್ರದ ಪೇಪರಿನಲ್ಲಿ ನಾನಂತೂ ಮೋಸ ಅನ್ನುವುದಿಲ್ಲ. ಇಂಗ್ಲಿಷ್ ಪೇಪರಾಗಿದ್ದರೆ ಬೇರೆ ಮಾತು. ಕರೆದು ‘ನೀನು ಇದನ್ನು ಹೇಗೆ ಬರೆದೆಯಮ್ಮಾ, ಮೊದಲಿಂದ ಹೇಳು’ ಅಂತ ಕೇಳಿ. ‘ನೀನೇ ಬರೆದಿದ್ದಾ?’ ಅಂತ ಕೇಳಬೇಡಿ, ಅದು ಪೊಲೀಸ್ ಸ್ಟೇಷನ್ ಪ್ರಶ್ನೆ. ಮೊದಲು ಗೀಚಿದ ಹಾಳೆ ಇದ್ದರೆ ನೋಡಿ. ಅವಳೇ ಬರೆದ ಎರಡು ಸಾಲು ತೋರಿಸಿ ಹೀಗೆ ಯಾಕೆ ಅಂತ ಕನ್ನಡದಲ್ಲೇ ವಿವರಿಸಲು ಹೇಳಿ. ಐದು ನಿಮಿಷದಲ್ಲಿ ನಿಮಗೇ ತಿಳಿಯುತ್ತದೆ.

ಇನ್ನು ಉಳಿದ ಮುಕ್ಕಾಲು ಪಾಲು. ಮೊದಲೆಲ್ಲ ಮಕ್ಕಳು ಸ್ವಂತ ಬರೆಯುತ್ತಿದ್ದರು, ಎಐ ಬಂದು ಕೆಡಿಸಿತು ಅನ್ನುವವರಿದ್ದಾರೆ. ಹೌದಾ? ಕಾಲೇಜು ಗೇಟಿನ ಎದುರಿನ ಜೆರಾಕ್ಸ್ ಅಂಗಡಿ ಮರೆತುಹೋಯಿತಾ? ಸೀನಿಯರ್ ಅಸೈನ್‌ಮೆಂಟಿಗೆ ಹೊಸ ಮುಖಪುಟ ಹಾಕಿ ಕೊಡುತ್ತಿದ್ದರು, ನಾವು ‘ಸೀನ್’ ಅಂತ ಸಹಿ ಹಾಕಿ ಅಂಕ ಕೊಡುತ್ತಿದ್ದೆವು. ‘ಕೃಷಿ ಬೆಲೆ ನೀತಿ ಕುರಿತು ಪ್ರಬಂಧ ಬರೆಯಿರಿ’ ಅನ್ನುವ ಪ್ರಶ್ನೆ ಸತ್ತು ಬಹಳ ಕಾಲವಾಗಿತ್ತು, ನಮಗೆ ಗೊತ್ತಾಗಿದ್ದು ಈಗ. ಚಾಟ್‌ಜಿಪಿಟಿ ಬಂದಿದ್ದು 2022ರ ನವೆಂಬರ್ 30ಕ್ಕೆ. ಹಾಗಿದ್ದರೆ ನಿಮ್ಮ ಕ್ಲಾಸಿನಲ್ಲಿ ಈಗ ಯಾಕೆ ಇಷ್ಟು ಜಾಸ್ತಿ ಅಂದರೆ, 2025ರಲ್ಲಿ ಇಂಥ ಎಐ ಆ್ಯಪ್‌ಗಳೆಲ್ಲ ಪುಕ್ಕಟೆ ಆದವು. ಏರ್‌ಟೆಲ್ ಸಿಮ್ ಇದ್ದವರಿಗೆ ಪರ್ಪ್ಲೆಕ್ಸಿಟಿ ಪ್ರೊ, ಜಿಯೋದವರಿಗೆ ಜೆಮಿನಿ ಪ್ರೊ, ನವೆಂಬರ್‌ನಿಂದ ಚಾಟ್‌ಜಿಪಿಟಿ ಗೋ ಒಂದು ವರ್ಷ ಉಚಿತ ಅಂತ ಕೊಟ್ಟರು. ಬಸ್ಸಿನಲ್ಲಿ ಕೂತು ಕಾಲೇಜು ತಲುಪುವಷ್ಟರಲ್ಲಿ ಅಸೈನ್‌ಮೆಂಟ್ ರೆಡಿ. ಕೈಯಲ್ಲಿ ಬರೆಸಿದರೆ ಸರಿಹೋಗುತ್ತದೆ ಅನ್ನುವ ಭ್ರಮೆಯನ್ನು ನಿಮ್ಮ ಅಡಿಗೆರೆ ಹುಡುಗನೇ ಬಿಡಿಸಿದ್ದಾನೆ, ಅವನಿಗೆ ಥ್ಯಾಂಕ್ಸ್ ಹೇಳಬೇಕು!

ಮೋಸಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಕಲಿಕೆಯ ಪ್ರಶ್ನೆ. ಟರ್ಕಿಯಲ್ಲಿ ಸುಮಾರು ಸಾವಿರ ಹೈಸ್ಕೂಲ್ ಮಕ್ಕಳ ಮೇಲೆ ಒಂದು ಅಧ್ಯಯನ ನಡೆಯಿತು, ಗಣಿತದಲ್ಲಿ. ಒಂದು ಗುಂಪಿಗೆ ಮಾಮೂಲಿ ಚಾಟ್‌ಜಿಪಿಟಿಯಂಥದ್ದು ಕೊಟ್ಟರು. ಇನ್ನೊಂದು ಗುಂಪಿಗೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ತಿದ್ದಿದ್ದನ್ನು ಕೊಟ್ಟರು. ಮೂರನೆಯ ಗುಂಪಿಗೆ ಏನೂ ಇಲ್ಲ. ಅಭ್ಯಾಸದ ಲೆಕ್ಕದಲ್ಲಿ ಮೊದಲ ಗುಂಪು ಏನೂ ಇಲ್ಲದವರಿಗಿಂತ 48% ಮುಂದೆ. ಆಮೇಲೆ ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟರು. ಆಗ ಅದೇ ಗುಂಪು ಏನೂ ಇಲ್ಲದವರಿಗಿಂತ 17% ಹಿಂದೆ. ಸುಳಿವು ಮಾತ್ರ ಸಿಕ್ಕಿದವರಿಗೆ ಆ ನಷ್ಟ ಹೆಚ್ಚುಕಡಿಮೆ ಆಗಲೇ ಇಲ್ಲ. ಹೈಸ್ಕೂಲ್ ಗಣಿತಕ್ಕೂ ನಿಮ್ಮ ಬಿಎ ಅರ್ಥಶಾಸ್ತ್ರಕ್ಕೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೆ ಕಾರಣ ಎರಡು ಕಡೆಯೂ ಒಂದೇ. ಒದ್ದಾಡುವ ಕೆಲಸ ಯಾರು ಮಾಡುತ್ತಾರೋ ಕಲಿಯುವುದು ಅವರೇ. ಪಕ್ಕದವನು ಉಂಡರೆ ನಮ್ಮ ಹೊಟ್ಟೆ ತುಂಬುವುದಿಲ್ಲವಲ್ಲ.

ಬೋರ್ಡಿನ ಫೋಟೋ ಹೊಡೆದುಕೊಳ್ಳುವುದೂ ಇದೇ ಜಾತಿಯ ಕಾಯಿಲೆ. ಫೋನಿನಲ್ಲಿ ಬಂತು ಅಂದರೆ ತಲೆಗೂ ಬಂತು ಅನ್ನುವ ಸಮಾಧಾನ. ಸ್ಮಾರ್ಟ್ ಬೋರ್ಡ್ ಹಾಕಿದರೆ ಫೋಟೋ ಇನ್ನೂ ಚೆನ್ನಾಗಿ ಬರುತ್ತದೆ, ಅಷ್ಟೇ ಲಾಭ. ಪ್ರಾಂಶುಪಾಲರಿಗೆ ಹೀಗೇ ಹೇಳಬೇಡಿ. ಗ್ರಾಫು, ನಕ್ಷೆ, ಮಾರುಕಟ್ಟೆ ದರ ಥಟ್ಟನೆ ತೋರಿಸಲು ಅದು ನಿಜಕ್ಕೂ ಒಳ್ಳೆಯದು. ಬೇಡಿಕೆ ರೇಖೆ ಪಕ್ಕಕ್ಕೆ ಜರುಗುವುದನ್ನು ಸೀಮೆಸುಣ್ಣದಲ್ಲಿ ಅಳಿಸಿ ಅಳಿಸಿ ತೋರಿಸುವ ಕಷ್ಟ ತಪ್ಪುತ್ತದೆ. ಆದರೆ ಗಮನ ತರುವುದು ಅದರ ಕೆಲಸ ಅಲ್ಲ.

ಗಮನ ಬರುವುದು ನೆನಪಿಸಿಕೊಳ್ಳುವ ಒತ್ತಾಯ ಇದ್ದಾಗ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ ಇದೆ. ಒಂದು ಪಾಠವನ್ನು ನಾಲ್ಕು ಸಲ ಓದಿದವರಿಗೆ ವಾರದ ನಂತರ 40% ನೆನಪಿತ್ತು. ಒಂದೇ ಸಲ ಓದಿ, ಉಳಿದ ಮೂರು ಸಲ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆದವರಿಗೆ 61%. ತಮಾಷೆ ಏನೆಂದರೆ, ಓದಿ ಮುಗಿಸಿದ ಐದು ನಿಮಿಷಕ್ಕೆ ಕೇಳಿದರೆ ನಾಲ್ಕು ಸಲ ಓದಿದವರೇ ಮುಂದೆ. ಅದಕ್ಕೇ ಮಕ್ಕಳಿಗೆ ಓದಿದ್ದೇ ಸರಿ ಅನ್ನಿಸುತ್ತದೆ. ಇದಕ್ಕೆ ಸ್ಮಾರ್ಟ್ ಬೋರ್ಡ್ ಬೇಡ, ದುಡ್ಡೂ ಬೇಡ. ಪೀರಿಯಡ್‌ನ ಕೊನೆಯ ಏಳೆಂಟು ನಿಮಿಷ ಎಲ್ಲ ಮುಚ್ಚಿಸಿ. ಹಾಳೆಯ ಅರ್ಧಭಾಗದಲ್ಲಿ ಇವತ್ತು ಕೇಳಿದ್ದರಲ್ಲಿ ನೆನಪಿರುವುದನ್ನು ಬರೆಯಲಿ, ಕನ್ನಡವೋ ಇಂಗ್ಲಿಷೋ. ಅಂಕ ಬೇಡ. ಆಮೇಲೆ ಫೋಟೋ ಬೇಕಾದರೆ ಹೊಡೆದುಕೊಳ್ಳಲಿ. ಮೊದಮೊದಲು ಗೊಣಗುತ್ತಾರೆ. 2019ರಲ್ಲಿ ಹಾರ್ವರ್ಡ್‌ನ ಫಿಸಿಕ್ಸ್ ಕ್ಲಾಸಿನಲ್ಲಿ ನಡೆದ ಅಧ್ಯಯನದಲ್ಲೂ ಇದೇ ಆಗಿತ್ತು. ತಾವೇ ಕೈಹಚ್ಚಿ ಕಲಿತವರು ಪರೀಕ್ಷೆಯಲ್ಲಿ ಜಾಸ್ತಿ ತೆಗೆದರು, ಆದರೆ ‘ನಾವು ಕಡಿಮೆ ಕಲಿತೆವು’ ಅಂದರು. ಒಳ್ಳೆಯ ಭಾಷಣ ಕೇಳಿದಾಗ ಎಲ್ಲ ಅರ್ಥವಾದ ಹಾಗೆ ಅನ್ನಿಸುತ್ತದೆ, ಅಲ್ವಾ?

ಈಗಿನ ಮಕ್ಕಳಿಗೆ ಟೆಕ್ನಾಲಜಿ ಹುಟ್ಟಿನಿಂದಲೇ ಬರುತ್ತದೆ ಅನ್ನುವುದನ್ನೂ ನಂಬಬೇಡಿ. ಅರ್ಧ ನಿಮಿಷದಲ್ಲಿ ರೀಲ್ಸ್ ಎಡಿಟ್ ಮಾಡುವ ಹುಡುಗನಿಗೆ ಎಕ್ಸೆಲ್‌ನಲ್ಲಿ ಒಂದು ಕಾಲಂ ಕೂಡಿಸಲು ಬರುವುದಿಲ್ಲ. ಮೇಲ್‌ಗೆ ಪಿಡಿಎಫ್ ಸೇರಿಸಿ ಎರಡು ಸಾಲು ಬರೆಯಲು ಬರುವುದಿಲ್ಲ. 2021ರಲ್ಲಿ ಸರ್ಕಾರಿ ಕಾಲೇಜಿನ ಮಕ್ಕಳಿಗೆ ಟ್ಯಾಬ್ ಹಂಚಿದ್ದರಲ್ಲ, ಎಷ್ಟೋ ಮನೆಯಲ್ಲಿ ಅದು ಸಿನಿಮಾ ನೋಡುವ ಡಬ್ಬಿಯಾಯಿತು. ಸಾಧನ ಕೊಟ್ಟರು, ಏನು ಮಾಡಬೇಕು ಅಂತ ಯಾರೂ ಕೂತು ಹೇಳಿಕೊಡಲಿಲ್ಲ.

ಸರಿ, ಮಾಡುವುದೇನು? ಎಚ್‌ಒಡಿ ಹೇಳಿದ ಸೊನ್ನೆ ದಾರಿ ಸುಲಭ, ಆದರೆ ಅದರಿಂದ ಮಕ್ಕಳು ಕಲಿಯುವುದು ಒಂದೇ, ಮುಂದಿನ ಸಲ ಸಿಕ್ಕಿಬೀಳದ ಹಾಗೆ ಮಾಡುವುದು. ಎಐ ಬರೆದಿದ್ದನ್ನು ಮನುಷ್ಯ ಬರೆದ ಹಾಗೆ ತಿರುಚಿ ಕೊಡುವ ಆ್ಯಪ್‌ಗಳೂ ಬಂದಿವೆ. ಮೇಲಾಗಿ ಎಐ ಬಳಸಬಾರದು ಅಂತ ನೀವು ಮೊದಲೇ ಬರೆದು ಕೊಟ್ಟಿರಲಿಲ್ಲ ಅನ್ನಿಸುತ್ತದೆ. ಇಲ್ಲದ ನಿಯಮಕ್ಕೆ ಶಿಕ್ಷೆ ಕೊಡಲಾಗದು. ಅತಿಥಿ ಉಪನ್ಯಾಸಕಿಯಾಗಿ ನೀವು ಒಬ್ಬರೇ ಆ ಜಗಳ ಮೈಮೇಲೆ ಎಳೆದುಕೊಳ್ಳುವುದೂ ಜಾಣತನ ಅಲ್ಲ.

ನಾನು ಹೇಳುವುದು, ಈ 10 ಅಂಕವನ್ನು ಹಾಳೆಗೆ ಕೊಡಬೇಡಿ, ಬಾಯಿಗೆ ಕೊಡಿ. ತಂದ ಅಸೈನ್‌ಮೆಂಟ್ ಇರಲಿ, ಅದಕ್ಕೆ ಮೂರು ಅಂಕ. ಉಳಿದ ಏಳು ಅಂಕ ಅದರ ಮೇಲೆ ನಡೆಯುವ ಮಾತುಕತೆಗೆ. 62 ಜನರನ್ನು ಯಾವಾಗ ಕೂರಿಸಿಕೊಳ್ಳಲಿ ಅನ್ನುತ್ತೀರಿ. ಇಬ್ಬಿಬ್ಬರನ್ನು ಕರೆಯಿರಿ, ಜೋಡಿಗೆ ನಾಲ್ಕು ನಿಮಿಷ. 31 ಜೋಡಿಗೆ 124 ನಿಮಿಷ, ಅಂದರೆ ಎರಡು ಪೀರಿಯಡ್ ದಾಟಿ ಸ್ವಲ್ಪ. ಆ ಹೊತ್ತಿಗೆ ಉಳಿದವರಿಗೆ ಅಲ್ಲೇ ಬರೆಯುವ ಕೆಲಸ ಕೊಡಿ. ಪ್ರಶ್ನೆ ಅವರ ಹಾಳೆಯಿಂದಲೇ ಬರಲಿ: ‘ಎರಡನೇ ಪುಟದಲ್ಲಿ ಬೆಂಬಲ ಬೆಲೆ ಅಂದಿದ್ದೀಯಲ್ಲ, ನಿಮ್ಮೂರಿನಲ್ಲಿ ಅದು ಯಾವುದಕ್ಕೆ ಸಿಗುತ್ತದೆ?’ ಇದರಲ್ಲಿ ಒಂದು ಅಪಾಯ ಇದೆ. ಮಾತಿನ ಮಲ್ಲರು ಅಂಕ ಹೊಡೆದುಕೊಂಡು ಹೋಗುತ್ತಾರೆ, ಮುಜುಗರದ ಮಕ್ಕಳು ಬಾಯಿ ಬಿಡುವುದಿಲ್ಲ. ಹಾಗಾಗಿ ಪ್ರಶ್ನೆಗಳ ಪಟ್ಟಿ ಎರಡು ದಿನ ಮೊದಲೇ ಕೊಡಿ, ಅದರಲ್ಲಿ ಯಾವುದು ಬರುತ್ತದೆ ಅಂತ ಮಾತ್ರ ಹೇಳಬೇಡಿ. ಕನ್ನಡದಲ್ಲಿ ಮಾತಾಡಲು ಬಿಡಿ. ಕೊಟ್ಟ ಅಂಕಕ್ಕೆ ಒಂದು ಸಾಲು ಕಾರಣ ಬರೆದಿಟ್ಟುಕೊಳ್ಳಿ, ಮುಖ ನೋಡಿ ಅಂಕ ಹಾಕಿದರು ಅನ್ನುವ ಮಾತು ಬರಬಾರದು.

ಮುಂದಿನ ಸೆಮಿಸ್ಟರ್‌ಗೆ ಪ್ರಶ್ನೆಯನ್ನೇ ಬದಲಾಯಿಸಿ. ನೀವು ಇರುವುದು ಮಂಡ್ಯದಲ್ಲಿ ಮೇಡಂ, ಕೃಷಿ ಬೆಲೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಕಬ್ಬು ತೆಗೆದುಕೊಳ್ಳಿ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ನಿಗದಿ ಮಾಡಿದ ಎಫ್‌ಆರ್‌ಪಿ, ಅಂದರೆ ಫ್ಯಾಕ್ಟರಿಯವರು ರೈತರಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ಕ್ವಿಂಟಲಿಗೆ 355 ರೂಪಾಯಿ, 10.25% ಸಕ್ಕರೆ ಇಳುವರಿಗೆ. ಅಂದರೆ ಟನ್ನಿಗೆ 3,550. ಇಳುವರಿ 0.1% ಏರಿದರೆ ಕ್ವಿಂಟಲಿಗೆ 3.46 ರೂಪಾಯಿ ಜಾಸ್ತಿ. 9.5%ಗಿಂತ ಕೆಳಗಿದ್ದರೆ 329.05. ಈಗ ಒಂದು ಕೆಲಸ ಮಾಡಿ. ಕಬ್ಬಿನ ಎಫ್‌ಆರ್‌ಪಿ ಬಗ್ಗೆ ಎಐ ಕೊಟ್ಟ ಉತ್ತರ ಒಂದನ್ನು ನೀವೇ ಪ್ರಿಂಟ್ ತೆಗೆದು ಎಲ್ಲರಿಗೂ ಜೆರಾಕ್ಸ್ ಹಂಚಿ. ಅದರಲ್ಲಿ ಎಷ್ಟೋ ಸಲ 2024-25ರ ಹಳೆಯ 340 ಬಂದಿರುತ್ತದೆ. ಕಟಾವು ಮತ್ತು ಸಾಗಾಣಿಕೆ ಖರ್ಚು ಇದರಲ್ಲೇ ಮುರಿಯುತ್ತಾರೆ ಅನ್ನುವುದು ಬಿಟ್ಟುಹೋಗಿರಬಹುದು. ಅದನ್ನು ಮನೆಗೆ ಒಯ್ದು ಅಪ್ಪನ ಫ್ಯಾಕ್ಟರಿ ಬಿಲ್ ಪಕ್ಕ ಇಟ್ಟು ನೋಡಲಿ. ಹತ್ತಿರದ ಆಲೆಮನೆಯಲ್ಲಿ ಈ ವಾರ ಟನ್ನಿಗೆ ಎಷ್ಟು ಕೊಡುತ್ತಿದ್ದಾರೆ, ದುಡ್ಡು ಕೈಗೆ ಯಾವಾಗ ಬರುತ್ತದೆ ಕೇಳಿ ಬರಲಿ. ಗದ್ದೆ ಇಲ್ಲದವರು ಹಾಲಿನ ಡೈರಿ ಚೀಟಿ ತರಲಿ, ಫ್ಯಾಟ್ ಎಷ್ಟು, ಲೀಟರಿಗೆ ಎಷ್ಟು ಬಿತ್ತು ಅಂತ. ಪೇಟೆಯ ಮಕ್ಕಳು ಮದ್ದೂರಿನ ಎಳನೀರು ಮಾರುಕಟ್ಟೆಗೆ ಹೋಗಲಿ. ಆಮೇಲೆ ಬರೆಯಲಿ: ಎಐ ಎಲ್ಲಿ ಸರಿ, ಎಲ್ಲಿ ತಪ್ಪು, ಏನನ್ನು ಬಿಟ್ಟಿದೆ. ಆಲೆಮನೆ ಯಜಮಾನ ನಿನ್ನೆ ಹೇಳಿದ ರೇಟು ಯಾವ ಚಾಟ್‌ಬಾಟ್‌ಗೂ ಗೊತ್ತಿಲ್ಲ. ಆ ರೇಟನ್ನೂ ಮನೆಯಲ್ಲೇ ಕೂತು ಕಟ್ಟಿ ಬರೆಯುವ ಕಿಲಾಡಿಗಳು ಇದ್ದೇ ಇರುತ್ತಾರೆ, ಅವರು ಆ ನಾಲ್ಕು ನಿಮಿಷದ ಮಾತಿನಲ್ಲಿ ಸಿಗುತ್ತಾರೆ.

ಎಐ ಯಾಕೆ ಇಷ್ಟು ಧೈರ್ಯವಾಗಿ ತಪ್ಪು ಹೇಳುತ್ತದೆ ಅನ್ನುವುದನ್ನು ಮಕ್ಕಳಿಗೆ ಒಂದು ಪೀರಿಯಡ್ ಹೇಳಿ. ಅದು ಪುಸ್ತಕ ತೆರೆದು ಉತ್ತರ ಓದುತ್ತಿಲ್ಲ, ಮುಂದಿನ ಪದ ಯಾವುದಿರಬಹುದು ಅಂತ ಊಹಿಸುತ್ತಾ ಹೋಗುತ್ತದೆ. ಕೆಲವು ನೆಟ್‌ನಲ್ಲಿ ಹುಡುಕಿಯೂ ನೋಡುತ್ತವೆ, ಆದರೂ ಇಲ್ಲದ ಪುಸ್ತಕ, ಇಲ್ಲದ ಪುಟಸಂಖ್ಯೆ ಹುಟ್ಟಿಸುವ ಚಾಳಿ ಪೂರ್ತಿ ಬಿಟ್ಟಿಲ್ಲ. ಕನ್ನಡದ ಪಠ್ಯ ಅದಕ್ಕೆ ಸಿಕ್ಕಿರುವುದು ಇಂಗ್ಲಿಷಿಗಿಂತ ತೀರಾ ಕಡಿಮೆ, ಹಾಗಾಗಿ ನಮ್ಮ ಕಡೆಯ ಸಂಗತಿ ಕೇಳಿದಾಗ ಎಡವುವುದು ಜಾಸ್ತಿ. ಓದಲು ಬಳಸುವುದಾದರೆ ‘ಉತ್ತರ ಹೇಳಬೇಡ, ಒಂದೊಂದೇ ಪ್ರಶ್ನೆ ಕೇಳಿ ನನ್ನಿಂದಲೇ ಹೇಳಿಸು’ ಅಂತ ಟೈಪ್ ಮಾಡಲು ಕಲಿಸಿ. 2025ರಿಂದ ಚಾಟ್‌ಜಿಪಿಟಿಯಲ್ಲಿ ಸ್ಟಡಿ ಮೋಡ್, ಜೆಮಿನಿಯಲ್ಲಿ ಗೈಡೆಡ್ ಲರ್ನಿಂಗ್ ಅಂತ ಇದಕ್ಕೇ ಇಟ್ಟಿದ್ದಾರೆ. ಪರೀಕ್ಷೆ ಹಿಂದಿನ ರಾತ್ರಿ ಹನ್ನೊಂದಕ್ಕೆ ಆ ಮೋಡ್ ಆಫ್ ಮಾಡುವವರೇ ಜಾಸ್ತಿ ಅನ್ನುವುದೂ ನಿಜ.

ನೀವೂ ಬಳಸಿ, ಪ್ರಶ್ನೆಪತ್ರಿಕೆಯ ಕರಡಿಗೆ, ಉದಾಹರಣೆ ಹುಡುಕಲು. ಒಂದೇ ಎಚ್ಚರ. ಮಕ್ಕಳ ಹೆಸರು, ರಿಜಿಸ್ಟರ್ ನಂಬರ್, ಅಂಕಪಟ್ಟಿ ಅದಕ್ಕೆ ತುಂಬಬೇಡಿ. ಅವರ ಅಸೈನ್‌ಮೆಂಟನ್ನು ಕಂಡ ಕಂಡ ಡಿಟೆಕ್ಟರ್ ವೆಬ್‌ಸೈಟಿಗೆ ಹಾಕುವುದೂ ಬೇಡ. ವೈಯಕ್ತಿಕ ಮಾಹಿತಿ ಕಾಪಾಡುವ ಕಾನೂನು 2023ರಲ್ಲೇ ಬಂದಿದೆ.

ಇನ್ನು ಕೊನೆಯ ಪ್ರಶ್ನೆ, ಟೀ ಬಿಡುವಿನದ್ದು. ನಮ್ಮ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. 1984ರಲ್ಲಿ ಯುಜಿಸಿ ಪಾಠಗಳು ದೂರದರ್ಶನಕ್ಕೆ ಬಂದವು. 2004ರಲ್ಲಿ ಪಾಠಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. 2017ರಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ತಾಣ ‘ಸ್ವಯಂ’ ಬಂತು. ಇಷ್ಟೆಲ್ಲ ಬಂದರೂ ಮೇಷ್ಟ್ರು ಕೆಲಸ ಕಳೆದುಕೊಂಡು ಮನೆಗೆ ಹೋಗಲಿಲ್ಲ. ಆದರೆ ಇಷ್ಟು ಹೇಳಿ ನಿಮ್ಮನ್ನು ಸಮಾಧಾನ ಮಾಡಿ ಕಳಿಸಲು ನನಗೆ ಇಷ್ಟವಿಲ್ಲ. 2021ರ ಯುಜಿಸಿ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ 40%ವರೆಗಿನ ಕೋರ್ಸ್‌ಗಳನ್ನು ಸ್ವಯಂ ಮೂಲಕ ಮಾಡಿ ಕ್ರೆಡಿಟ್ ಪಡೆಯಬಹುದು. ಕಾಲೇಜುಗಳು ಅದನ್ನು ನಿಜವಾಗಿ ಹಿಡಿದುಕೊಂಡರೆ ಮೊದಲು ಕಡಿಮೆಯಾಗುವುದು ಕಾರ್ಯಭಾರ, ಕಾರ್ಯಭಾರ ಕಡಿಮೆಯಾದರೆ ಮೊದಲು ಪೆಟ್ಟು ಬೀಳುವುದು ಅತಿಥಿ ಉಪನ್ಯಾಸಕರಿಗೆ. ಎಐಗಿಂತ ನನಗೆ ಅದರ ಚಿಂತೆ ಜಾಸ್ತಿ. ನೋಟ್ಸ್ ಓದಿ ಬರೆಸುವ ಪೀರಿಯಡನ್ನು ಯಾರು ಬೇಕಾದರೂ ವಿಡಿಯೋಗೆ ಬದಲಾಯಿಸಬಹುದು. ಅಪ್ಪನ ಕಬ್ಬಿನ ಬಿಲ್ ಹಿಡಿದು ಪಾಠ ಮಾಡುವ ಪೀರಿಯಡಿಗೆ ಬದಲಿ ತರುವುದು ಕಷ್ಟ. ಸಾಧ್ಯವಾದರೆ ಸ್ವಯಂನ ಒಂದು ಕೋರ್ಸ್ ನೀವೇ ಮುಗಿಸಿ, ಮುಂದೆ ಮಕ್ಕಳಿಗೆ ಅದರ ಮೆಂಟರ್ ಆಗಿ ನಿಮ್ಮ ಹೆಸರೇ ಬರುವಂತೆ ಕಾಲೇಜಿನಲ್ಲಿ ಮೊದಲೇ ಹೇಳಿಡಿ.

ಸದ್ಯಕ್ಕೆ ಎಚ್‌ಒಡಿ ಅವರ ಹತ್ತಿರ ಹೋಗಿ ಹೀಗೆ ಕೇಳಿ: ‘ಸಾರ್, ಸೊನ್ನೆ ಹಾಕುವ ಮೊದಲು ಎಲ್ಲರಿಗೂ ಒಂದು ಸಲ ಮೌಖಿಕ ಮಾಡಿಬಿಡುತ್ತೇನೆ, ಎರಡು ಪೀರಿಯಡ್ ಹೆಚ್ಚಿಗೆ ಕೊಡಿ. ತಾವು ಬರೆದಿದ್ದನ್ನು ವಿವರಿಸಲು ಬಾರದವರಿಗೆ ಮತ್ತೆ ಬರೆದು ತರಲು ಒಂದು ವಾರ.’ ಇಂಟರ್ನಲ್ ಅಂಕವನ್ನು ಯುಯುಸಿಎಂಎಸ್ ಅನ್ನುವ ಸರ್ಕಾರದ ಆನ್‌ಲೈನ್ ವ್ಯವಸ್ಥೆಗೆ ಏರಿಸುವ ಕೊನೆಯ ದಿನ ಯಾವತ್ತು ಅಂತ ಮೊದಲು ನೋಡಿಕೊಂಡು ಹೋಗಿ, ಇಲ್ಲದಿದ್ದರೆ ಆ ಒಂದು ನೆಪಕ್ಕೇ ಬೇಡ ಅಂದುಬಿಡುತ್ತಾರೆ. ಆ ಹುಡುಗಿಯನ್ನು ಮೊದಲನೇ ಜೋಡಿಯಲ್ಲೇ ಕರೆಯಬೇಡಿ, ನಡುವೆ ಎಲ್ಲೋ ಕರೆಯಿರಿ.